ಪದ ಪರಿಚಯ: ಅನ್ಯೋನ್ಯತೆ

ಬೆಂಗಳೂರಿನ ಕನ್ನಡ ಕ್ರೈಸ್ತ ಸಭೆಗಳಲ್ಲಿ ಭಾನುವಾರದ ಆರಾಧನೆ ಮುಗಿಯುವ ಹೊತ್ತಿಗೆ ಈ ಪದ ಕಿವಿಗೆ ಬೀಳುತ್ತದೆ. ಸಭೆಯ ಪಾಲಕರಾದ ಅಯ್ಯನವರು ಕೈಯೆತ್ತಿ ಆಶೀರ್ವಾದ ಹೇಳುವಾಗ ಯೇಸು ಕ್ರಿಸ್ತನ ಕೃಪೆ, ದೇವರ ಪ್ರೀತಿ, ಪವಿತ್ರಾತ್ಮನ ಅನ್ಯೋನ್ಯತೆ ಎಂದು ಮೂರನ್ನೂ ಕೋರುತ್ತಾರೆ. ಅದಕ್ಕೂ ಮೊದಲೇ, ಸ್ತ್ರೀಯರ ಅನ್ಯೋನ್ಯ ಕೂಟ ಈ ವಾರ ಯಾರ ಮನೆಯಲ್ಲಿ ಎಂಬ ಪ್ರಕಟಣೆ ಆಗಿರುತ್ತದೆ. ಇಷ್ಟು ಬಳಕೆಯಲ್ಲಿರುವುದರಿಂದಲೋ ಏನೋ, ಆರಾಧನೆಯ ನಂತರ ಅಂಗಳದಲ್ಲಿ ನಿಂತು ಕಾಫಿ ಕುಡಿಯುತ್ತಾ ಕುಶಲ ವಿಚಾರಿಸುವುದೇ ಅನ್ಯೋನ್ಯತೆ ಎಂಬಷ್ಟಕ್ಕೆ ಅದರ ಅರ್ಥ ಸವೆದುಹೋಗಿದೆ. ಕುಶಲ ವಿಚಾರಿಸುವುದು ಒಳ್ಳೆಯದೇ. ಆದರೆ ಸತ್ಯವೇದ, ಅಂದರೆ ಬೈಬಲ್, ಈ ಪದದ ಮೂಲಕ ವಿಶ್ವಾಸಿಗಳಿಂದ ಕೇಳುವುದು ಅದಕ್ಕಿಂತ ಬಹಳ ಹೆಚ್ಚು.

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿರುವ ಪದ ಕೊಯಿನೋನಿಯ. ಒಂದೇ ವಸ್ತುವಿನಲ್ಲಿ, ಒಂದೇ ಕೆಲಸದಲ್ಲಿ ಹಲವರಿಗೆ ಪಾಲಿರುವುದು ಅದರ ತಿರುಳು. ಲೂಕನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಯಾಕೋಬ ಮತ್ತು ಯೋಹಾನರು ಸೀಮೋನನ ಪಾಲುಗಾರರು ಎಂದು ಹೇಳುವಾಗ ಬಳಸಿರುವುದು ಇದೇ ಮೂಲದ ಪದ. ಅಲ್ಲಿ ಅದು ಮೀನುಗಾರಿಕೆಯ ವ್ಯವಹಾರದ ಮಾತು. ಬಲೆ ತುಂಬಿದರೆ ಎಲ್ಲರಿಗೂ ಲಾಭ, ಬಲೆ ಹರಿದರೆ ಎಲ್ಲರಿಗೂ ನಷ್ಟ. ಅಪೊಸ್ತಲರ ಕೃತ್ಯಗಳ 2ನೆಯ ಅಧ್ಯಾಯದಲ್ಲಿ ಯೆರೂಸಲೇಮಿನ ಮೊದಲ ಸಭೆಯವರು ನಾಲ್ಕು ವಿಷಯಗಳಲ್ಲಿ ನಿರತರಾಗಿದ್ದರು ಎಂದಿದೆ: ಅಪೊಸ್ತಲರ ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ. ಅದರ ಬೆನ್ನಿಗೇ, ಅವರು ಆಸ್ತಿಪಾಸ್ತಿ ಮಾರಿ ಒಬ್ಬೊಬ್ಬರ ಅಗತ್ಯಕ್ಕೆ ತಕ್ಕಂತೆ ಹಂಚುತ್ತಿದ್ದರು ಎಂಬ ವಿವರವೂ ಬರುತ್ತದೆ. ಆಸ್ತಿ ಮಾರಲೇಬೇಕೆಂದು ಯಾರೂ ಕಟ್ಟಳೆ ಮಾಡಿರಲಿಲ್ಲ. ಹಾಗೆಂದು ಆ ಸಾಲುಗಳನ್ನು ಓದದೆ ದಾಟುವುದಕ್ಕೂ ಆಗುವುದಿಲ್ಲ.

ಈ ಪಾಲುದಾರಿಕೆ ಮುರಿದಾಗ ಏನಾಗುತ್ತದೆ ಎಂಬುದನ್ನು ಕೊರಿಂಥದ ಸಭೆ ತೋರಿಸುತ್ತದೆ. ಆ ಕಾಲದಲ್ಲಿ ಸಭೆ ಸೇರುತ್ತಿದ್ದುದು ಮನೆಗಳಲ್ಲಿ. ಯೇಸುವಿನ ನೆನಪಿಗಾಗಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ ಇಂದಿನಂತೆ ಒಂದು ತುಣುಕು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ ಆಗಿರಲಿಲ್ಲ, ಹೊಟ್ಟೆತುಂಬ ಊಟದ ಜೊತೆಗೇ ನಡೆಯುತ್ತಿತ್ತು. ಅನುಕೂಲಸ್ಥರು ತಂದದ್ದನ್ನು ತಾವೇ ಮೊದಲು ಉಂಡು ಮುಗಿಸುತ್ತಿದ್ದರು. ದಿನವಿಡೀ ದುಡಿದು ತಡವಾಗಿ ಬರುತ್ತಿದ್ದ ಕೂಲಿಯವರಿಗೆ, ದಾಸರಿಗೆ ಏನೂ ಉಳಿಯುತ್ತಿರಲಿಲ್ಲ ಎಂದು ವಿದ್ವಾಂಸರು ವಿವರಿಸುತ್ತಾರೆ. ಒಬ್ಬ ಹಸಿದಿದ್ದಾನೆ, ಮತ್ತೊಬ್ಬ ಅಮಲೇರಿದ್ದಾನೆ, ನೀವು ಮಾಡುತ್ತಿರುವುದು ಕರ್ತನ ಭೋಜನವೇ ಅಲ್ಲ ಎಂದು ಆ ಸಭೆಯನ್ನು ಕಟ್ಟಿದ ಪೌಲನು ಅವರಿಗೆ ಬರೆದ ಮೊದಲನೆಯ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ ಕಟುವಾಗಿಯೇ ಹೇಳುತ್ತಾನೆ. ಆ ಅಧ್ಯಾಯದ ಕೊನೆಗೆ ಅವನು ಕೊಡುವ ಸೂಚನೆ ಸರಳವಾದದ್ದು: ಊಟಕ್ಕೆ ಸೇರಿದಾಗ ಒಬ್ಬರಿಗೊಬ್ಬರು ಕಾಯಿರಿ. ಅಯೋಗ್ಯವಾಗಿ ರೊಟ್ಟಿ ತಿನ್ನಬೇಡಿ ಎಂಬ ಪ್ರಸಿದ್ಧ ಎಚ್ಚರಿಕೆ ಬರುವುದೂ ಇದೇ ಸಂದರ್ಭದಲ್ಲಿ. ನಮ್ಮಲ್ಲಿ ಅನೇಕರು ಅದನ್ನು ಸ್ವಂತ ಪಾಪಗಳ ಗುಟ್ಟಿನ ಲೆಕ್ಕಾಚಾರವೆಂದು ಮಾತ್ರ ತಿಳಿದಿದ್ದಾರೆ. ಪಕ್ಕದಲ್ಲಿ ಕುಳಿತವರ ಹಸಿವು ಕಾಣದಿರುವುದೂ ಆ ಅಯೋಗ್ಯತೆಯಲ್ಲಿ ಸೇರಿದೆ ಎಂಬುದನ್ನು ನಾವು ಮತ್ತೆ ಮತ್ತೆ ಹೇಳಿಕೊಳ್ಳಬೇಕು.

ಬೆಂಗಳೂರಿನಲ್ಲಿ ಆ ಹಸಿವಿನ ರೂಪ ಬೇರೆ. ಬೀದರ್ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದ ಒಂದು ಕುಟುಂಬವನ್ನು ನೆನೆಯಿರಿ. ಊರಿನ ಮೆಥಡಿಸ್ಟ್ ಸಭೆಯಲ್ಲಿ ಎಲ್ಲರಿಗೂ ಗೊತ್ತಿದ್ದವರು ಇಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಎದ್ದು ಹೋಗುತ್ತಾರೆ. ಅವರಿಗೆ ಬೇಕಾಗಿರುವುದು ಬಾಡಿಗೆ ಮನೆ. ಮಾಲೀಕರು ಹಲವು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಕೇಳುತ್ತಾರೆ, ಗೊತ್ತಿದ್ದವರು ಯಾರಾದರೂ ಇದ್ದಾರೆಯೇ ಎಂದೂ ಕೇಳುತ್ತಾರೆ. ಸಭೆಯ ಹಿರಿಯರೊಬ್ಬರು ಜೊತೆಗೆ ಹೋಗಿ, ಇವರು ನಮ್ಮವರು, ನಾನು ಹೊಣೆ ಎಂದು ಹೇಳಿದರೆ ಅಪೊಸ್ತಲರ ಕೃತ್ಯಗಳ ಆ ಸಾಲಿಗೆ ಇಲ್ಲಿ ಅರ್ಥ ಬರುತ್ತದೆ. ಅಡ್ವಾನ್ಸಿಗೆ ನಾಲ್ಕು ಮನೆಯವರು ಕೈಗಡ ಕೊಟ್ಟರೆ ಇನ್ನೂ ಒಳ್ಳೆಯದು. ಇಂಥ ಕೆಲಸವನ್ನು ಸದ್ದಿಲ್ಲದೆ ಮಾಡುವವರು ಇದ್ದಾರೆ, ಅವರಲ್ಲಿ ಹೆಚ್ಚಿನವರು ಅನ್ಯೋನ್ಯ ಕೂಟದ ಹೆಂಗಸರೇ ಎಂಬುದನ್ನು ಗೌರವದಿಂದ ಹೇಳುತ್ತೇನೆ.

ಹಣದ ವಿಷಯಕ್ಕೂ ಸತ್ಯವೇದ ಇದೇ ಪದವನ್ನು ಬಳಸುತ್ತದೆ. ಮಕೆದೋನ್ಯ ಮತ್ತು ಅಖಾಯದ ಸಭೆಗಳು ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಸಹಾಯಧನವನ್ನು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಕೊಯಿನೋನಿಯ ಎಂದೇ ಕರೆಯುತ್ತಾನೆ. ಆ ಹಣ ಸಾಗಿಸುವಾಗ ಯಾರೂ ಬೆರಳು ತೋರಿಸದಂತೆ, ಸಭೆಗಳೇ ಆರಿಸಿದವರನ್ನು ಜೊತೆಗೆ ಕಳುಹಿಸುವ ಏರ್ಪಾಡು ಮಾಡುತ್ತಾನೆ. ಹಾಗಾಗಿ ಸಭೆಯ ಸುಗ್ಗಿ ಹಬ್ಬದಲ್ಲಿ ಕಾಣಿಕೆಯಾಗಿ ಬಂದ ತೆಂಗಿನಕಾಯಿ, ಬಾಳೆಗೊನೆ ಹರಾಜಾದ ಮೇಲೆ ಎಷ್ಟು ಬಂತು, ಎಲ್ಲಿಗೆ ಹೋಯಿತು ಎಂದು ಸಭೆಯವರು ಕೇಳುವುದು ಅವಿಶ್ವಾಸವಲ್ಲ. ಪಾಲುಗಾರರಿಗೆ ಲೆಕ್ಕ ಕೇಳುವ ಹಕ್ಕಿದೆ.

ಜಗಳದ ಸಮಯದಲ್ಲಿ ಅನ್ಯೋನ್ಯತೆ ಇನ್ನೂ ಕಷ್ಟದ್ದು. ಬಲಿಪೀಠದ ಹತ್ತಿರ ಕಾಣಿಕೆ ತಂದಾಗ, ಸಹೋದರನಿಗೆ ನಿನ್ನ ಮೇಲೆ ಏನೋ ಬೇಸರವಿದೆ ಎಂಬುದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು ಎಂದು ಯೇಸು ಹೇಳಿದ್ದು ಮತ್ತಾಯ 5ರಲ್ಲಿದೆ. ದಕ್ಷಿಣ ಭಾರತ ಸಭೆಯ (ಸಿ.ಎಸ್.ಐ.) ಆರಾಧನೆಯಲ್ಲಿ ಈ ಮಾತಿಗೆ ಒಂದು ರೂಪವೇ ಇದೆ. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಕೂಡಿ 1947ರ ಸೆಪ್ಟೆಂಬರ್ 27ರಂದು ಈ ಸಭೆ ಹುಟ್ಟಿತು. ಬೆಂಗಳೂರಿನಲ್ಲಿ ಮೆಥಡಿಸ್ಟ್ ಪರಂಪರೆಯ ವೆಸ್ಲಿಯನ್ ಮಿಷನ್ನಿನ ಹಡ್ಸನ್ ಸ್ಮಾರಕ ದೇವಾಲಯವೂ ಕಾಂಗ್ರಿಗೇಷನಲ್ ಪರಂಪರೆಯ ಲಂಡನ್ ಮಿಷನ್ನಿನ ರೈಸ್ ಸ್ಮಾರಕ ದೇವಾಲಯವೂ ಇಂದು ಒಂದೇ ಸಭೆಗೆ ಸೇರಿರುವುದು ಅದರಿಂದಲೇ. 1950ರಲ್ಲಿ ಅದು ರೂಪಿಸಿದ ಕರ್ತನ ಭೋಜನದ ಕ್ರಮದಲ್ಲಿ ಕೇರಳದ ಪುರಾತನ ಸಮುದಾಯವಾದ ಸಿರಿಯನ್ ಕ್ರೈಸ್ತರು ಉಳಿಸಿಕೊಂಡು ಬಂದಿದ್ದ ಸಮಾಧಾನ ಹಂಚಿಕೊಳ್ಳುವ ಪದ್ಧತಿ ಸೇರಿತು. ಕೊಡುವವರ ಬಲ ಅಂಗೈ ಪಡೆಯುವವರ ಬಲ ಅಂಗೈಗೆ ಸೇರುತ್ತದೆ, ಇಬ್ಬರೂ ತಮ್ಮ ಎಡಗೈಯನ್ನು ಇನ್ನೊಬ್ಬರ ಬಲಗೈಯ ಮೇಲೆ ಮುಚ್ಚುತ್ತಾರೆ. ಕಾಣಿಕೆಯನ್ನು ಮುಂದಕ್ಕೆ ತರುವ ಮೊದಲೇ ಇದು ನಡೆಯುತ್ತದೆ. ಎರಡೂ ಕೈಗಳನ್ನು ಒಡ್ಡದೆ ಇದನ್ನು ಮಾಡುವಂತಿಲ್ಲ. ಅವಸರದಲ್ಲಿ ಬೆರಳ ತುದಿ ಮುಟ್ಟಿಸಿ ಮುಂದೆ ಸಾಗುವುದನ್ನು ನೋಡಿದಾಗ ಮನಸ್ಸಿಗೆ ನೋವಾಗುತ್ತದೆ.

ತಪ್ಪು ಮಾಡಿದವನ ಬಳಿಗೆ ಮೊದಲು ಒಬ್ಬನೇ ಹೋಗು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಮೇಲೆ ಸಭೆಗೆ ತಿಳಿಸು ಎಂಬ ಕ್ರಮ ಮತ್ತಾಯ 18ರಲ್ಲಿದೆ. ಈಗ ಮಾತು ಮೊದಲು ವಾಟ್ಸ್ಆ್ಯಪ್ ಗುಂಪಿಗೆ ಹೋಗುತ್ತದೆ, ಸಂಬಂಧಪಟ್ಟವರಿಗೆ ತಲುಪುವುದು ಕೊನೆಗೆ. ಇಲ್ಲಿ ಒಂದು ಎಚ್ಚರ ಬೇಕು. ಮಕ್ಕಳ ಮೇಲೆ, ಹೆಂಗಸರ ಮೇಲೆ ನಡೆದ ದೌರ್ಜನ್ಯವನ್ನು ಸಭೆಯೊಳಗಿನ ರಾಜಿಯ ಹೆಸರಿನಲ್ಲಿ ಮುಚ್ಚಿಡುವುದಕ್ಕೆ ಈ ವಚನದಲ್ಲಿ ಅನುಮತಿ ಇಲ್ಲ. ಅದು ಪೊಲೀಸರಿಗೆ ಹೋಗಬೇಕಾದ ಅಪರಾಧ.

ಜಾತಿಯ ಬಗ್ಗೆಯೂ ಹೇಳಲೇಬೇಕು. ಚಿನ್ನದ ಉಂಗುರ ಹಾಕಿಕೊಂಡು ಬಂದವನಿಗೆ ಒಳ್ಳೆಯ ಆಸನ, ಬಡವನಿಗೆ ಕಾಲ ಬಳಿಯ ನೆಲ ಎಂಬ ಭೇದವನ್ನು ಯಾಕೋಬನ ಪತ್ರಿಕೆಯ 2ನೆಯ ಅಧ್ಯಾಯ ಪಾಪ ಎಂದೇ ಕರೆಯುತ್ತದೆ. ಕರ್ತನ ಭೋಜನದಲ್ಲಿ ಒಂದೇ ಪಾತ್ರೆಯಿಂದ ಕುಡಿದು, ಮಗಳ ಮದುವೆಯ ಮಾತು ಬಂದಾಗ ಮೂಲ ಜಾತಿ ವಿಚಾರಿಸುವವರು ಆ ಅಧ್ಯಾಯವನ್ನು ನಿಧಾನವಾಗಿ ಓದಬೇಕು.

ಹಾಗಾದರೆ ಬರಲಾಗದವರು? ಪೇಟೆಯ ಹಳೆಯ ದೇವಾಲಯಗಳ ಸಭಿಕರು ಈಗ ಕೆಂಗೇರಿ, ಯಲಹಂಕ, ವೈಟ್‌ಫೀಲ್ಡ್ ಕಡೆಗೆಲ್ಲ ಚದುರಿದ್ದಾರೆ. ಮಂಡಿ ನೋವಿನ ಹಿರಿಯರಿಗೆ ಎರಡು ಬಸ್ ಬದಲಿಸುವುದು ಆಗದ ಮಾತು. ಕೋವಿಡ್ ಕಾಲದಲ್ಲಿ ಮೊಬೈಲ್‌ನಲ್ಲಿ ಆರಾಧನೆ ನೋಡಲು ಕಲಿತ ಅನೇಕರು ಹಾಗೆಯೇ ಉಳಿದುಬಿಟ್ಟಿದ್ದಾರೆ. ಅವರಿಗೆ ಅದು ದೊಡ್ಡ ಆಸರೆ, ನಿಜ. ಆದರೆ ಮೊಬೈಲ್‌ನಲ್ಲಿ ಅವರು ನಮ್ಮನ್ನು ನೋಡುತ್ತಾರೆ, ನಾವು ಅವರನ್ನು ನೋಡುವುದಿಲ್ಲ. 2ನೆಯ ಶತಮಾನದ ನಡುವಿನಲ್ಲಿ ರೋಮಿನಲ್ಲಿದ್ದ ಕ್ರೈಸ್ತ ಬೋಧಕ ಜಸ್ಟಿನ್ ಭಾನುವಾರದ ಆರಾಧನೆಯನ್ನು ವರ್ಣಿಸುತ್ತಾ, ಬರಲಾಗದವರಿಗೆ ಸಭಾಸೇವಕರು ಭೋಜನದ ಪಾಲನ್ನು ಕೊಂಡೊಯ್ಯುತ್ತಿದ್ದರು, ಕೂಡಿದ ಕಾಣಿಕೆಯಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿದ್ದವರು, ಪರಸ್ಥಳದವರು ಆಸರೆ ಪಡೆಯುತ್ತಿದ್ದರು ಎಂದು ಬರೆದಿದ್ದಾನೆ. ಇಂದೂ ಅಯ್ಯನವರು ಹಾಸಿಗೆ ಹಿಡಿದವರ ಮನೆಗೆ ಹೋಗಿ ಕರ್ತನ ಭೋಜನ ಕೊಡುತ್ತಾರೆ. ಅಯ್ಯನವರೊಬ್ಬರೇ ಹೋಗಬೇಕೆಂದೇನೂ ಇಲ್ಲ. ಅದೇ ಬಡಾವಣೆಯ ಇಬ್ಬರು ಸಭಿಕರು ಜೊತೆಗಿದ್ದರೆ ಔಷಧಿ ಮುಗಿದಿದೆಯೇ, ಮಕ್ಕಳು ಊರಿನಲ್ಲಿದ್ದಾರೆಯೇ ಎಂಬುದು ತಿಳಿಯುತ್ತದೆ, ಮುಂದಿನ ವಾರ ಅವರೇ ಹೋಗಿ ಬರಬಹುದು.