ಜೋಡೆಲ್ ಡಿ11: ಬಾಗಿದ ರೆಕ್ಕೆಯ ಪುಟ್ಟ ವಿಮಾನದ ಕತೆ

ಜೋಡೆಲ್ ವಿಮಾನವನ್ನು ಗುರುತಿಸಲು ಅದರ ಹೆಸರು ಓದಬೇಕಾಗಿಲ್ಲ, ಎದುರಿನಿಂದ ಒಮ್ಮೆ ನೋಡಿದರೆ ಸಾಕು. ರೆಕ್ಕೆ ನಡುವೆ ಹಲಗೆಯ ಹಾಗೆ ನೆಟ್ಟಗಿರುತ್ತದೆ. ತುದಿಯ ಭಾಗ ಮಾತ್ರ ಥಟ್ಟನೆ ಮೇಲಕ್ಕೆ ಬಾಗಿರುತ್ತದೆ. ಚಂದ ಕಾಣಲಿ ಅಂತ ಹಾಗೆ ಮಾಡಿದ್ದಲ್ಲ.

ವೈನ್‌ಗೆ ಹೆಸರಾದ ಫ್ರಾನ್ಸಿನ ಬೋನ್ ಪಟ್ಟಣದಲ್ಲಿ ಎಡ್ವಾರ್ ಜೋಲಿ ಮತ್ತು ಅವರ ಅಳಿಯ ಜಾನ್ ಡೆಲೆಮೊಂತೆ 1946ರಲ್ಲಿ ಕಂಪನಿ ಶುರು ಮಾಡಿದರು. ಇಬ್ಬರ ಹೆಸರಿನ ಮೊದಲ ಅಕ್ಷರಗಳು ಸೇರಿ ಜೋಡೆಲ್ ಆಯಿತು. ಅವರ ಮೊದಲ ವಿಮಾನ ಡಿ9ರಲ್ಲಿ ಒಬ್ಬರೇ ಕೂರಬಹುದಿತ್ತು, ಎಂಜಿನ್ ಬರೀ 25 ಅಶ್ವಶಕ್ತಿಯದು. 1948ರ ಜನವರಿಯಲ್ಲಿ ಹಾರಿದ ಅದನ್ನು ಸರ್ಕಾರದವರು ಪರೀಕ್ಷಿಸಿದರು. ಚೆನ್ನಾಗಿದೆ ಅನ್ನಿಸಿತು.

ಆದರೆ ಫ್ಲೈಯಿಂಗ್ ಕ್ಲಬ್‌ಗೆ ಒಂದು ಸೀಟಿನ ವಿಮಾನ ಇಟ್ಟುಕೊಂಡು ಏನು ಮಾಡುವುದು? ಕಲಿಸುವವರೂ ಪಕ್ಕದಲ್ಲಿ ಕೂರಬೇಕು ಅಲ್ವಾ! ಹಾಗಾಗಿ ಕ್ಲಬ್‌ಗಳಿಗಾಗಿ ಎರಡು ಸೀಟಿನದನ್ನು ಮಾಡಿಕೊಡಿ ಎಂದು ಸರ್ಕಾರವೇ ಕೇಳಿತು. ಡೆಲೆಮೊಂತೆ ಎಲ್ಲವನ್ನೂ ಹೊಸದಾಗಿ ಮಾಡಲು ಹೋಗಲಿಲ್ಲ. ಮೂರು ಸೀಟಿನ ಡಿ10 ಎಂಬ ಯೋಜನೆಗೆ ಯೋಚಿಸಿದ್ದ ರೆಕ್ಕೆಯನ್ನು ತೆಗೆದುಕೊಂಡು, ಡಿ9ರ ಒಡಲನ್ನು ಉದ್ದ ಅಗಲ ಮಾಡಿ ಅದಕ್ಕೆ ಕೂಡಿಸಿದರು. ಹೀಗೆ ಹುಟ್ಟಿದ ಡಿ11, 45 ಅಶ್ವಶಕ್ತಿಯ ಸಾಲ್ಮ್ಸನ್ ಎಂಜಿನ್ ಹೊತ್ತು 1950ರ ಏಪ್ರಿಲ್ 4ರಂದು ಹಾರಿತು. ಜನ ಮುಗಿಬಿದ್ದದ್ದು ಮಾತ್ರ ಆಮೇಲೆ ಬಂದ ಡಿ112ಕ್ಕೆ. ಅದರಲ್ಲಿ ಅಮೆರಿಕದ ಪೈಪರ್ ಕಬ್‌ನಲ್ಲಿದ್ದಂಥದೇ 65 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್ ಇತ್ತು.

ಈಗ ಆ ರೆಕ್ಕೆಯ ವಿಷಯ. ನಡುವಿನ ಭಾಗದ ಅಗಲ ಎಲ್ಲ ಕಡೆ ಒಂದೇ. ಹಾಗಾಗಿ ರೆಕ್ಕೆಗೆ ಆಕಾರ ಕೊಡುವ ಅಲ್ಲಿನ ಪಕ್ಕೆಲುಬಿನಂಥ ಪಟ್ಟಿಗಳನ್ನೆಲ್ಲ ಒಂದೇ ಅಚ್ಚಿನಲ್ಲಿ ಮಾಡಬಹುದು. ಮರ, ಪ್ಲೈವುಡ್, ಅಂಟು, ಮೇಲೆ ಬಟ್ಟೆಯ ಹೊದಿಕೆ, ಅಷ್ಟೇ. ತುದಿಯ ಭಾಗ ಕಿರಿದಾಗುತ್ತಾ ಹೋಗುತ್ತದೆ, ಸ್ವಲ್ಪ ತಿರುಚಿಯೂ ಇರುತ್ತದೆ. ವೇಗ ತೀರಾ ಕಡಿಮೆಯಾದಾಗ ಮೊದಲು ಹಿಡಿತ ಬಿಡುವುದು ನಡುವಿನ ಭಾಗ. ವಿಮಾನವನ್ನು ಎಡಕ್ಕೆ ಬಲಕ್ಕೆ ವಾಲಿಸುವ ಐಲೆರಾನ್‌ಗಳು ಇರುವುದು ತುದಿಯಲ್ಲಿ, ಅವು ಇನ್ನೂ ಕೆಲಸ ಮಾಡುತ್ತಿರುತ್ತವೆ. ಕಲಿಯುವವನ ಕೈ ಸ್ವಲ್ಪ ತಪ್ಪಿದರೂ ಒಂದು ರೆಕ್ಕೆ ಏಕಾಏಕಿ ಕುಸಿಯುವ ಅಪಾಯ ಕಡಿಮೆ. ಕಟ್ಟುವವನಿಗೆ ಸುಲಭ, ಹಾರಿಸುವವನಿಗೂ ಸುಲಭ. ನನ್ನ ಮಟ್ಟಿಗೆ ಡೆಲೆಮೊಂತೆ ಅವರ ಜಾಣತನವೆಲ್ಲ ಇರುವುದು ಇಲ್ಲಿಯೇ.

ಹಾಗಂತ ಎಲ್ಲವೂ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಲ್ಲ. ಡಿ112ಕ್ಕೆ ಫ್ಲಾಪ್, ಅಂದರೆ ಇಳಿಯುವಾಗ ರೆಕ್ಕೆಯ ಹಿಂಬದಿಯಲ್ಲಿ ಕೆಳಗೆ ಬಾಗಿಸುವ ಹಲಗೆ, ಇಲ್ಲ. ಎತ್ತರ ಬೇಗ ಇಳಿಸಬೇಕಿದ್ದರೆ ಓರೆಯಾಗಿ ಜಾರಿಸಬೇಕು. ಸಣ್ಣ ಚಕ್ರ ಬಾಲದಲ್ಲಿದೆ, ನೆಲ ಮುಟ್ಟಿದ ಮೇಲೂ ಮೂತಿಯನ್ನು ಎಡಬಲ ತಿರುಗಿಸುವ ರಡ್ಡರ್‌ನ ಪೆಡಲ್ ಮೇಲಿನ ಕಾಲು ಸುಮ್ನೆ ಇರುವಂತಿಲ್ಲ. ಮೂಗಿನ ಕೆಳಗೆ ಚಕ್ರವಿರುವ ವಿಮಾನದಲ್ಲಿ ಕಲಿತವರಿಗೆ ಇದು ಸ್ವಲ್ಪ ಕಾಟವೇ.

ಬೋನ್‌ನ ಸಣ್ಣ ಕಂಪನಿಯೊಂದೇ ಇಷ್ಟು ವಿಮಾನ ಕಟ್ಟಲು ಸಾಧ್ಯವಿರಲಿಲ್ಲ. ವಾಸ್ಮೆರ್, ನಾರ್ಮಂಡಿಯ ಎಸ್‌ಎಎನ್ ಮುಂತಾದ ಕಂಪನಿಗಳು ಪರವಾನಗಿ ಪಡೆದು ತಯಾರಿಸಿದವು. ಸ್ಪೇನ್‌ನಲ್ಲೂ ತಯಾರಾಯಿತು. ಎಸ್‌ಎಎನ್‌ನ ಡಿ117ಕ್ಕೆ 90 ಅಶ್ವಶಕ್ತಿಯ ಎಂಜಿನ್ ಬಂತು, ದೂರದ ಊರಿಗೆ ಸುತ್ತಾಟ ಹೋಗುವವರಿಗೆ ಅದೇ ಇಷ್ಟ. ಇನ್ನೊಂದು ಕಡೆ ನಕ್ಷೆಗಳ ಮಾರಾಟವೂ ನಡೆದಿತ್ತು. ಮರಗೆಲಸ ಬಲ್ಲವರು ಅವನ್ನು ಕೊಂಡು ಮನೆಯ ಶೆಡ್‌ನಲ್ಲೇ ವಿಮಾನ ಕಟ್ಟಿದರು. ಫ್ಯಾಕ್ಟರಿಯದು, ಮನೆಯದು ಎಲ್ಲ ಸೇರಿ ಈ ಬಗೆಯವು 3,000ಕ್ಕಿಂತ ಜಾಸ್ತಿ ಆದವು.

ಆಮೇಲೆ ಸೆಸ್ನಾದಂಥ ಲೋಹದ ವಿಮಾನಗಳು ಬಂದವು. ಮರದ ವಿಮಾನಕ್ಕೆ ಸೂರು ಬೇಕು, ಅಂಟು ಬಿಟ್ಟಿದೆಯೇ ಎಂದು ನೋಡುತ್ತಿರಬೇಕು. ಆದರೂ ಬಾಗಿದ ರೆಕ್ಕೆ ಮೂಲೆ ಸೇರಲಿಲ್ಲ. ಪಿಯೆರ್ ರೋಬ್ಯಾಂ ಎಂಬವರು 1957ರಲ್ಲಿ ದಿಜೋನ್ ಬಳಿ ಕಂಪನಿ ಕಟ್ಟಿ, ಡೆಲೆಮೊಂತೆ ಅವರ ಜೊತೆ ಅದೇ ರೆಕ್ಕೆಯ ದೊಡ್ಡ ವಿಮಾನಗಳನ್ನು ಮಾಡಿದರು. 1972ರ ಡಿಆರ್400 ಫ್ರಾನ್ಸಿನ ಕ್ಲಬ್‌ಗಳಲ್ಲಿ ತುಂಬಾ ಓಡಿತು. ಅದೂ ಮರದ್ದೇ. ಡೆಲೆಮೊಂತೆ ಮಾತ್ರ ಮನೆಯಲ್ಲೇ ವಿಮಾನ ಕಟ್ಟುವವರನ್ನು ಬಿಡಲಿಲ್ಲ. ಫೋಕ್ಸ್‌ವ್ಯಾಗನ್ ಕಾರಿನ ಎಂಜಿನ್ ಹಾಕಬಹುದಾದ ಎರಡು ಸೀಟಿನ ಡಿ18ಅನ್ನು ಅವರಿಗಾಗಿ ವಿನ್ಯಾಸ ಮಾಡಿದರು. ಅದು 1984ರಲ್ಲಿ ಹಾರಿತು.