ಮೇಕೆಯ ಮುಖ ಮಡಿಕೆಗೆ ಹೋಯ್ತು

ಮನೆ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ನನಗೊಂದು ಹೆಸರಿದೆ: ಪಿನ್ ಹೊಡೆಸೋ ಮೇಡಂ. ಒಂದೇ ಕಥೆಯನ್ನು ಐದು ಸಲ, ಆರು ಸಲ ಪ್ರಿಂಟ್ ಹಾಕಿಸಿ, ನಡುವೆ ಪಿನ್ ಹೊಡೆಸಿಕೊಂಡು ಹೋಗುತ್ತೇನೆ. "ಇಷ್ಟು ಚಿಕ್ಕ ಕಥೆಗೆ ಇಷ್ಟೊಂದು ಯಾಕೆ ಮೇಡಂ?" ಎಂದು ಅಂಗಡಿಯವರು ಕೇಳಿದರು. ನಿಂತಲ್ಲೇ ಹೇಳಿ ಮುಗಿಸೋ ಮಾತಲ್ಲ ಅದು.

ಮಕ್ಕಳ ಚಿತ್ರಪುಸ್ತಕ ಮಾಡೋ ನಾವು ಈ ಕಚ್ಚಾ ಪುಸ್ತಕಕ್ಕೆ ಡಮ್ಮಿ ಅನ್ನುತ್ತೇವೆ. ಚಿತ್ರಪುಸ್ತಕದ ಕಥೆಯನ್ನು ಓದಿ ನೋಡಿದರೆ ಸಾಲದು, ಪುಟ ತಿರುಗಿಸಿ ನೋಡಬೇಕು. ಒಂದು ಹಾಳೆ ಮಡಿಸಿದರೆ 4 ಪುಟ. ಹಾಗಾಗಿ ಪಿನ್ ಹೊಡೆದ ಪುಸ್ತಕಕ್ಕೆ 16, 24, 32, ಹೀಗೆ ನಾಲ್ಕರ ಲೆಕ್ಕದಲ್ಲೇ ಪುಟ. 32 ಪುಟದ್ದಾದರೆ ಶೀರ್ಷಿಕೆ, ಪ್ರಕಾಶಕರ ವಿವರ ಕಳೆದು ಕಥೆಗೆ ಉಳಿಯೋದು ಸುಮಾರು 14 ಜೋಡಿಪುಟ, ಅಂದರೆ ಪುಸ್ತಕ ತೆರೆದಾಗ ಅಕ್ಕಪಕ್ಕ ಕಾಣೋ ಎರಡೆರಡು ಪುಟ. ಇನ್ನೊಂದೇ ಒಂದು ಪುಟ ಬೇಕು ಅಂದರೆ ಸಿಗೋದಿಲ್ಲ.

ನಮ್ಮ ದುರ್ಗದ ಕೋಟೆ ಹತ್ತಿದವರಿಗೆ ಗೊತ್ತು, ಅಲ್ಲಿ ದಾರಿ ನೇರಕ್ಕಿಲ್ಲ. ಒಂದು ಬಾಗಿಲು ದಾಟಿದರೆ ಗೋಡೆ ಎದುರಾಗುತ್ತದೆ, ತಿರುಗಿದರೆ ಮಾತ್ರ ಮುಂದಿನದು ಕಾಣುತ್ತದೆ. ಶತ್ರುವಿಗೆ ಅದು ಭಯ, ಮಕ್ಕಳಿಗೆ ಮಜಾ. ಪುಟಗಳನ್ನೂ ಹಾಗೇ ಜೋಡಿಸುತ್ತೇನೆ. ಪ್ರಶ್ನೆ ಬಲಗಡೆ ಪುಟದಲ್ಲಿ, ಉತ್ತರ ಹಾಳೆ ಮಗುಚಿದ ಮೇಲೆ.

ಕಷ್ಟದ ಕೆಲಸ ಮಾತು ಕಡಿಯೋದು. ನನ್ನ ಮೇಕೆ ಕಥೆಯಲ್ಲಿ ಮೊದಲು ಹೀಗೆ ಬರೆದಿದ್ದೆ: "ಕೆಂಪು ಲಂಗದ ಗಂಗಿ ದೊಡ್ಡ ಬಂಡೆ ಹತ್ತಿ ಮೇಕೆಗಾಗಿ ಅತ್ತಿತ್ತ ನೋಡಿದಳು." ಚಿತ್ರ ಬರೆಯಲು ಕೂತಾಗ ಲಂಗಕ್ಕೆ ಕೆಂಪು ಬಳಿದೆ. ಆಮೇಲೆ "ಕೆಂಪು ಲಂಗದ" ಅನ್ನೋ ಮಾತು ಯಾಕೆ? ಬಂಡೆಯೂ ಕಾಣುತ್ತಿದೆ. ಅವಳು ನೋಡುತ್ತಿರೋದೂ ಕಾಣುತ್ತಿದೆ. ಕೊನೆಗೆ ಉಳಿದದ್ದು ಎರಡೇ ಪದ: "ಮೇಕೆ ಎಲ್ಲಿ?" ಚಿತ್ರದಲ್ಲಿ ಮೇಕೆ ಅವಳ ಬೆನ್ನ ಹಿಂದೆಯೇ ನಿಂತು ಲಂಗದ ಅಂಚು ಮೇಯುತ್ತಿದೆ. ಶಾಲೆಯಲ್ಲಿ ಇದನ್ನು ಓದಿದರೆ ಮಕ್ಕಳು ಕಿರುಚುತ್ತಾರೆ, "ಹಿಂದೆ ನೋಡೇ ಗಂಗಿ!" ಇನ್ನೂ ಅಕ್ಷರ ಬಾರದ ಮಗುವಿಗೆ ಗಂಗಿಗಿಂತ ಜಾಸ್ತಿ ಗೊತ್ತು. ಬರೆಯೋಳೂ ಚಿತ್ರ ತೆಗೆಯೋಳೂ ನಾನೇ ಆದ್ದರಿಂದ ಜಗಳವೂ ನನ್ನೊಳಗೇ. ಬರೆಯೋಳಿಗೆ ಒಂದು ಪದ ಬಿಡಲೂ ಹೊಟ್ಟೆಯುರಿ.

ಮೊದಲ ಪುಸ್ತಕದಲ್ಲಿ ಇದೇ ಥರದ ಮೇಕೆಯ ಮುಖವನ್ನು ಜೋಡಿಪುಟದ ಸರಿಯಾಗಿ ನಡುವೆ ಇಟ್ಟಿದ್ದೆ. ಕಂಪ್ಯೂಟರಿನಲ್ಲಿ ಚೆಂದ ಕಾಣುತ್ತಿತ್ತು. ಅಂಟು ಬೈಂಡಿಂಗ್ ಆಗಿ ಬಂದಾಗ ಮೂಗು, ಬಾಯಿ ಎಲ್ಲ ಎರಡು ಪುಟ ಸೇರೋ ಮಡಿಕೆಯೊಳಗೆ. ಎರಡು ಕಿವಿಗಳು ಅತ್ತೊಂದು ಇತ್ತೊಂದು ಉಳಿದಿದ್ದವು! ತಪ್ಪು ನನ್ನದೇ, ಡಮ್ಮಿ ಮಾಡಿಸಿರಲಿಲ್ಲ. ಬಣ್ಣವೂ ಅಷ್ಟೇ. ಪರದೆಯ ಮೇಲೆ ಹೊಳೆಯೋ ಹಸಿರು ನಾಲ್ಕು ಶಾಯಿಯ ಅಚ್ಚಿನಲ್ಲಿ ಮಂಕಾಗುತ್ತದೆ. ಪ್ರೂಫ್, ಅಂದರೆ ಅಚ್ಚಿನ ಮಾದರಿ ನೋಡದೆ ಒಪ್ಪಿಗೆ ಕೊಡಬೇಡಿ.

ಕನ್ನಡಕ್ಕೆ ಇನ್ನೊಂದು ತಾಪತ್ರಯವಿದೆ. ಮಕ್ಕಳ ಮಾತೆಲ್ಲ ಒತ್ತಕ್ಷರ: ಅಮ್ಮ, ಅಜ್ಜಿ, ರೊಟ್ಟಿ, ಬೆಕ್ಕು. ಒತ್ತು ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಒಂದಕ್ಕೊಂದು ಡಿಕ್ಕಿ. ಇಂಗ್ಲಿಷಿಗೆ ಅಂತ ಅಳೆದ ಜಾಗದಲ್ಲಿ ಕನ್ನಡ ತುರುಕಿದ ಪುಸ್ತಕಗಳಲ್ಲಿ ಈ ಅವಸ್ಥೆ ನೋಡಿರುತ್ತೀರಿ. ನಾನಂತೂ ಮೊದಲು ಅಕ್ಷರಕ್ಕೆ ಆಕಾಶ ಖಾಲಿ ಬಿಟ್ಟು ಆಮೇಲೆ ಬಂಡೆಗೆ ಕೈ ಹಾಕುತ್ತೇನೆ.

ದುಡ್ಡಿನ ಮಾತು ಎರಡು ಸಾಲು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಬರಹ ಬೇರೆ ಕೃತಿ, ಚಿತ್ರ ಬೇರೆ ಕೃತಿ. ಎರಡನ್ನೂ ನೀವೇ ಮಾಡಿದ್ದರೆ ಎರಡಕ್ಕೂ ಕೇಳಿ, ಎಷ್ಟು ವರ್ಷಕ್ಕೆ ಹಕ್ಕು ಕೊಡುತ್ತಿದ್ದೀರಿ ಅನ್ನೋದನ್ನೂ ಬರೆಸಿಕೊಳ್ಳಿ.

ಡಮ್ಮಿಯ ಕೊನೆಯ ಪರೀಕ್ಷೆ ಶಾಲೆಯಲ್ಲಿ. ಪುಟ ತಿರುಗಿಸೋ ಕೆಲಸ ಒಂದು ಮಗುವಿಗೆ ಕೊಡುತ್ತೇನೆ. ನಾನು ಓದಿ ಮುಗಿಸುವ ಮೊದಲೇ ಅದು ಹಾಳೆ ಮಗುಚಿದರೆ, ಓದದೆ ಉಳಿದ ಮಾತಿನ ಕೆಳಗೆ ಪೆನ್ಸಿಲ್ ಗೆರೆ ಹಾಕುತ್ತೇನೆ. ಹೋದ ವಾರ ಒಂಬತ್ತು ಗೆರೆ ಬಿದ್ದವು. ನಾಳೆ ಮತ್ತೆ ಝೆರಾಕ್ಸ್ ಅಂಗಡಿ.