ರೈಲು ಒಂದು ಅಳತೆ, ಹಳಿ ಇನ್ನೊಂದು ಅಳತೆ

ಬ್ರಿಟನ್ನಿನ ಮಾಡೆಲ್ ರೈಲನ್ನು ಎದುರಿನಿಂದ ನೋಡಿದರೆ ಎಂಜಿನ್ ಚೆನ್ನಾಗಿಯೇ ಕಾಣುತ್ತದೆ, ಹಳಿ ಮಾತ್ರ ಇಕ್ಕಟ್ಟು. ಇದು ಕಣ್ಣಿನ ಭ್ರಮೆಯಲ್ಲ. ಅಳತೆಯಲ್ಲೇ ವ್ಯತ್ಯಾಸವಿದೆ.

ಮಾಡೆಲ್ ನಿಜವಾದ ರೈಲಿಗಿಂತ ಎಷ್ಟು ಪಟ್ಟು ಚಿಕ್ಕದು ಅನ್ನುವುದು ಸ್ಕೇಲ್. ಎರಡು ಕಂಬಿಗಳ ನಡುವಿನ ಅಂತರ ಗೇಜ್. ಹೊಸಬರು ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಎಡವುವುದು ಅಲ್ಲೇ.

ಶುರುವಿನಲ್ಲಿ ಯಾರೂ ಸ್ಕೇಲ್ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ. 1891ರಲ್ಲಿ ಜರ್ಮನಿಯ ಮಾರ್ಕ್ಲಿನ್ ಕಂಪನಿ ಆಟಿಕೆ ಹಳಿಗಳ ಅಗಲಕ್ಕೆ ನಂಬರ್ ಕೊಟ್ಟಿತು. 1ನೇ ನಂಬರ್ ಅಂದರೆ 45 ಮಿ.ಮೀ. ಆಮೇಲೆ ಅದಕ್ಕಿಂತ ಚಿಕ್ಕದಾದ 32 ಮಿ.ಮೀ. ಹಳಿ ಬಂತು. ಒಂದಕ್ಕಿಂತ ಕೆಳಗಿನದು ಸೊನ್ನೆ ತಾನೇ? ಅದೇ ಅದರ ಹೆಸರಾಯಿತು. ಮನೆಯ ಮೇಜಿನ ಮೇಲೆ ಹಿಡಿಸಲು ಅದನ್ನೂ ಅರ್ಧ ಮಾಡಿದರು. ಹಾಗೆ ಹುಟ್ಟಿದ್ದು ಎಚ್‌ಒ, ಅಂದರೆ ಅರ್ಧ ಸೊನ್ನೆ: ಸ್ಕೇಲ್ 1:87, ಹಳಿ 16.5 ಮಿ.ಮೀ. ಗುಣಿಸಿ ನೋಡಿ, ಯುರೋಪಿನ ನಿಜವಾದ ಹಳಿಯ 1435 ಮಿ.ಮೀ. ಸರಿಯಾಗಿ ಸಿಗುತ್ತದೆ.

ಬ್ರಿಟನ್ನಿನಲ್ಲಿ ಈ ಲೆಕ್ಕ ಕೈಕೊಟ್ಟಿತು. ಅಲ್ಲಿನ ಸೇತುವೆ, ಸುರಂಗಗಳು ರೈಲಿನ ಆರಂಭದ ಕಾಲದವು, ಇಕ್ಕಟ್ಟಾದವು. ಹಾಗಾಗಿ ಎಂಜಿನ್‌ಗಳೂ ಸಣ್ಣವು. 1:87ಕ್ಕೆ ಇಳಿಸಿದರೆ ಅಂದಿನ ದಪ್ಪ ಮೋಟರ್ ಒಳಗೆ ಕೂರುತ್ತಿರಲಿಲ್ಲ. ತಯಾರಕರು ಬಾಡಿಯನ್ನು 1:76ಕ್ಕೆ ಹಿಗ್ಗಿಸಿ, ಹಳಿಯನ್ನು 16.5ರಲ್ಲೇ ಬಿಟ್ಟರು. ಇದೇ ಒಒ. ಈ ಸ್ಕೇಲಿಗೆ ಹಳಿ 18.83 ಮಿ.ಮೀ. ಇರಬೇಕಿತ್ತು. ನಿಜವಾದ ಹಳಿಯ ಲೆಕ್ಕಕ್ಕೆ ಹಿಗ್ಗಿಸಿದರೆ ಸುಮಾರು 18 ಸೆಂ.ಮೀ. ಕಮ್ಮಿ. ಆ ಕಾಲಕ್ಕೆ ಅದು ಸರಿಯಾದ ನಿರ್ಧಾರವೇ. 1938ರಲ್ಲಿ ಹಾರ್ನ್‌ಬಿ ಡಬ್ಲೋ ಅನ್ನುವ ಬ್ರಿಟಿಷ್ ಆಟಿಕೆ ರೈಲು ಇದೇ ಅಳತೆಯಲ್ಲಿ ಬಂತು. ಜನ ಕೊಂಡರು, ಮನೆಮನೆಯಲ್ಲಿ ಹಳಿ ಹರಡಿಕೊಂಡಿತು. ಮೋಟರ್ ಸಣ್ಣದಾದ ಮೇಲೂ ಬದಲಿಸಲು ಆಗಲಿಲ್ಲ. ಇದ್ದ ರೈಲುಗಳನ್ನೆಲ್ಲ ಎಸೆಯುವವರು ಯಾರು? ಹಟ ಹಿಡಿದ ಕೆಲವರು ಮಾತ್ರ ಇಂದಿಗೂ 18.83ರ ಹಳಿಯನ್ನು ಕೈಯಾರೆ ಹಾಸುತ್ತಾರೆ. ಅವರ ತಾಳ್ಮೆ ನನಗೆ ತುಂಬ ಇಷ್ಟ.

ಮುಂದೆ 9 ಮಿ.ಮೀ. ಹಳಿಯ ಎನ್ ಬಂತು, 1972ರಲ್ಲಿ 1:220ರ ಝೆಡ್. ಎನ್‌ನಲ್ಲೂ ಅದೇ ಕಥೆ: ಯುರೋಪ್, ಅಮೆರಿಕದಲ್ಲಿ 1:160, ಬ್ರಿಟನ್ನಿನಲ್ಲಿ 1:148.

ಅಳತೆ ಮನಸ್ಸಿಗೆ ಬರಲು ನಮ್ಮ ನೀಲಿ ಐಸಿಎಫ್ (ಚೆನ್ನೈನ ಬೋಗಿ ಕಾರ್ಖಾನೆ) ಬೋಗಿಯನ್ನೇ ತೆಗೆದುಕೊಳ್ಳಿ. ಉದ್ದ ಸುಮಾರು 21.3 ಮೀಟರ್. ಎಚ್‌ಒದಲ್ಲಿ 24.5 ಸೆಂ.ಮೀ., ಎನ್‌ನಲ್ಲಿ 13.3, ಝೆಡ್‌ನಲ್ಲಿ ಬರೀ 9.7. ಹತ್ತು ಬೋಗಿಯ ರೈಲಿಗೆ ಎಚ್‌ಒದಲ್ಲಿ ಎರಡೂವರೆ ಮೀಟರ್ ಜಾಗ ಬೇಕು. ಬೆಂಗಳೂರಿನ ಫ್ಲ್ಯಾಟಿನಲ್ಲಿ ಅದು ಜಾಸ್ತಿನೇ ಅಲ್ವಾ?

ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಎಚ್‌ಒಗೆ ಇಳಿಸಿದರೆ 19.3 ಬರುತ್ತದೆ, ಅಂಗಡಿಯಲ್ಲಿ ಸಿಗುವುದು 16.5. ಬ್ರಿಟನ್ನಿನವರ ತೊಡಕು ನಮಗೂ ತಪ್ಪಿದ್ದಲ್ಲ. ಹಳೆಯ ಮೈಸೂರು–ಅರಸೀಕೆರೆ ಮೀಟರ್‌ಗೇಜ್ ಮಾಡಲು ಹೊರಟವರಿಗೆ ದಾರಿ ಸುಲಭ. ಸ್ವಿಟ್ಜರ್ಲೆಂಡಿನ ಮೀಟರ್‌ಗೇಜ್ ಮಾಡೆಲ್‌ಗಳಿಗಾಗಿ ಮಾಡಿದ 12 ಮಿ.ಮೀ. ಹಳಿ ಅದಕ್ಕೆ ಹೆಚ್ಚುಕಡಿಮೆ ಹೊಂದುತ್ತದೆ.